ಇಳುವರಿ: ಹೊಲದ್ದೋ, ಕಾರ್ಖಾನೆಯದ್ದೋ?

ಕಬ್ಬು ನುರಿಸುವ ಹಂಗಾಮು ಶುರುವಾದರೆ 'ಇಳುವರಿ ಕುಸಿತ' ಎಂಬ ತಲೆಬರಹ ಬಂದೇ ಬರುತ್ತದೆ. ಯಾವ ಇಳುವರಿ ಸ್ವಾಮಿ? ಒಂದು ಸಾಲಿನಲ್ಲಿ ಎಕರೆಗೆ ಇಷ್ಟು ಟನ್ ಅಂತಾರೆ, ಮುಂದಿನ ಸಾಲಿನಲ್ಲಿ ಶೇ 9.5 ಅಂತಾರೆ. ಓದುವವರು ಎರಡನ್ನೂ ಒಂದೇ ಅಂದುಕೊಳ್ಳಬೇಕು.

ಟನ್ ಲೆಕ್ಕದ್ದು ಹೊಲದ ಇಳುವರಿ. ಶೇಕಡಾ ಲೆಕ್ಕದ್ದು ಸಕ್ಕರೆ ಇಳುವರಿ, ಅಂದರೆ ನೂರು ಕೆ.ಜಿ. ಕಬ್ಬು ನುರಿಸಿದರೆ ಎಷ್ಟು ಕೆ.ಜಿ. ಸಕ್ಕರೆ ಬಂತು ಅನ್ನೋದು. ರೈತರು ಇದನ್ನು ರಿಕವರಿ ಅಂತಲೇ ಕರೆಯುತ್ತಾರೆ. ಪತ್ರಿಕೆಗಳೂ ಹಾಗೇ ಬರೆದರೆ ಏನೂ ನಷ್ಟವಿಲ್ಲ.

ಎರಡೂ ಒಟ್ಟಿಗೇ ಏರುತ್ತವೆ, ಒಟ್ಟಿಗೇ ಇಳಿಯುತ್ತವೆ ಅಂತೇನಿಲ್ಲ. ಕಟಾವು ಹತ್ತಿರವಿರುವಾಗ ನೀರು, ಯೂರಿಯಾ ಜಾಸ್ತಿ ಕೊಟ್ಟರೆ ತೂಕ ಬರಬಹುದು, ರಿಕವರಿ ಇಳಿಯುತ್ತದೆ. ಕಡಿದ ಕಬ್ಬು ದಿನಗಟ್ಟಲೆ ಕಾರ್ಖಾನೆಯ ಮುಂದೆ ಟ್ರ್ಯಾಕ್ಟರ್‌ನಲ್ಲೇ ನಿಂತರೆ ತೂಕವೂ ಹೋಗುತ್ತದೆ, ಸಕ್ಕರೆಯೂ ಹೋಗುತ್ತದೆ. ಅದರಲ್ಲಿ ಹೊಲದ ತಪ್ಪೇನೂ ಇಲ್ಲ. ಆದರೂ ಸುದ್ದಿ ಮಾತ್ರ 'ಇಳುವರಿ ಕುಸಿತ'.

ಇದು ಸುಮ್ನೆ ಪದದ ಜಗಳವಲ್ಲ, ಕಬ್ಬಿನ ದರವೇ ರಿಕವರಿ ಮೇಲೆ ನಿಂತಿದೆ. ಕೇಂದ್ರ ಸರ್ಕಾರ 2025-26ರ ಹಂಗಾಮಿಗೆ ನಿಗದಿ ಮಾಡಿದ ಎಫ್‌ಆರ್‌ಪಿ, ಅಂದರೆ ಕಾರ್ಖಾನೆಗಳು ರೈತರಿಗೆ ಕೊಡಲೇಬೇಕಾದ ಕನಿಷ್ಠ ದರ, ಟನ್ನಿಗೆ 3,550 ರೂಪಾಯಿ. ಇದು ಶೇ 10.25 ರಿಕವರಿಗೆ. ಅದರ ಮೇಲೆ ಪ್ರತಿ ಶೇ 0.1ಕ್ಕೆ ಟನ್ನಿಗೆ 34.60 ರೂಪಾಯಿ ಸೇರುತ್ತದೆ, ಕೆಳಗಿಳಿದರೆ ಅಷ್ಟೇ ಕಳೆಯುತ್ತದೆ. ಶೇ 9.5 ಅಥವಾ ಅದಕ್ಕೂ ಕಡಿಮೆಯಾದರೆ 3,290.50 ರೂಪಾಯಿ, ಅದಕ್ಕಿಂತ ಕೆಳಗೆ ಇಳಿಯುವಂತಿಲ್ಲ. ಪೂರ್ತಿ ಒಂದು ಶೇಕಡಾ ಜಾಸ್ತಿಯಾದರೆ ಟನ್ನಿಗೆ 346 ರೂಪಾಯಿ. ಎಕರೆಗೆ 40 ಟನ್ ಬೆಳೆದವರಿಗೆ ಅದು 13,840 ರೂಪಾಯಿ! ಬೆಳಗಾವಿ ಭಾಗದ ರಿಕವರಿ ಸಾಮಾನ್ಯವಾಗಿ ಮಂಡ್ಯದ್ದಕ್ಕಿಂತ ಜಾಸ್ತಿ ಇರುವುದರಿಂದ ಎರಡೂ ಕಡೆಯ ದರವನ್ನು ಹಾಗೇ ಹೋಲಿಸಿ ಬೈಯುವುದರಲ್ಲೂ ಅರ್ಥವಿಲ್ಲ.

ಇನ್ನೊಂದು ವಿಷಯ. ಈ ರಿಕವರಿ ನಿಮ್ಮ ಹೊಲದ್ದಲ್ಲ, ಇಡೀ ಕಾರ್ಖಾನೆಯ ಸರಾಸರಿ. ನಿಮ್ಮ ಕಬ್ಬು ಎಷ್ಟೇ ಸಿಹಿಯಾಗಿದ್ದರೂ ಪಕ್ಕದವರಿಗೆ ಸಿಕ್ಕ ದರವೇ ನಿಮಗೂ. ಆದ್ದರಿಂದ ರೈತರು ತೂಕದ ಹಿಂದೆ ಬೀಳುತ್ತಾರೆ ಎಂದು ದೂರುವವರು ಮೊದಲು ದರದ ಪದ್ಧತಿ ನೋಡಲಿ.

ಹೊಲದ ಇಳುವರಿಯಲ್ಲೂ ಒಂದು ತೊಡಕಿದೆ. ಕಬ್ಬಿನ ಸಾಲಿನ ನಡುವೆ ಈರುಳ್ಳಿಯನ್ನೋ ಸೋಯಾವನ್ನೋ ಹಾಕಿದವರ ಲೆಕ್ಕ ಹೇಗೆ? ಸಂಶೋಧಕರು ಅಂತರ ಬೆಳೆಯ ಹಣವನ್ನು ಕಬ್ಬಿನ ದರದಿಂದ ಭಾಗಿಸಿ 'ಕಬ್ಬಿಗೆ ಸಮನಾದ ಇಳುವರಿ' ಅಂತಾರೆ. ಈರುಳ್ಳಿಯಿಂದ 16,000 ಬಂತು, ಕಬ್ಬಿಗೆ ಟನ್ನಿಗೆ 3,200 ಸಿಕ್ಕಿತು ಅಂದುಕೊಳ್ಳಿ. ಅದು 5 ಟನ್ ಕಬ್ಬಿಗೆ ಸಮ. ಹೋಲಿಕೆಗೆ ಇದು ಒಳ್ಳೆಯದೇ. ಆದರೆ ಈರುಳ್ಳಿ ದರ ಬಿದ್ದರೆ, ಹೊಲದಲ್ಲಿ ಒಂದು ಗೆಡ್ಡೆ ಕಡಿಮೆಯಾಗದಿದ್ದರೂ ಈ 'ಇಳುವರಿ' ಇಳಿಯುತ್ತದೆ. ಬೀಜ, ಕಳೆ, ಕೂಲಿಯ ಖರ್ಚಂತೂ ಇದರಲ್ಲಿ ಬರುವುದೇ ಇಲ್ಲ.

ಹಾಗಾಗಿ ಯಾವ ಇಳುವರಿಯನ್ನೂ ಲಾಭ ಅಂತ ಓದಬೇಡಿ. ಕೂಳೆ ಬೆಳೆಯನ್ನೇ, ಅಂದರೆ ಕಡಿದ ಕಬ್ಬಿನ ಬುಡದಿಂದ ಮತ್ತೆ ಚಿಗುರುವ ಬೆಳೆಯನ್ನೇ ನೋಡಿ. ತೂಕ ಸಾಮಾನ್ಯವಾಗಿ ಹೊಸ ನಾಟಿಗಿಂತ ಕಡಿಮೆ. ಆದರೆ ಬಿತ್ತನೆ ಕಬ್ಬಿನ ಖರ್ಚಿಲ್ಲ, ಉಳುಮೆ ಇಲ್ಲ, ಬೇಗ ಕಟಾವಿಗೂ ಬರುತ್ತದೆ. ಪೈರು ಅಲ್ಲಲ್ಲಿ ಖಾಲಿ ಬೀಳದಂತೆ ನೋಡಿಕೊಂಡರೆ, ಟನ್ ಕಡಿಮೆ ಬಂದ ವರ್ಷವೂ ಕೈಯಲ್ಲಿ ದುಡ್ಡು ಜಾಸ್ತಿ ಉಳಿಯಬಹುದು.