ಮಂಡಿಗೆ ಪಿಆರ್‌ಪಿ ಚುಚ್ಚಿಸ್ಕೊಳ್ಳೋ ಮುಂಚೆ ಕೌಂಟ್ ಎಷ್ಟು ಅಂತ ಕೇಳಿ

ಡೆಂಗ್ಯೂ ಬಂತು ಅಂದ್ರೆ ನಮ್ಮಲ್ಲಿ ಎಲ್ರೂ ಮೊದಲು ಕೇಳೋದೇ ಪ್ಲೇಟ್‌ಲೆಟ್ ಎಷ್ಟಿದೆ ಅಂತ. ಬೆಳಿಗ್ಗೆ 80 ಸಾವಿರ ಇತ್ತು, ಸಂಜೆಗೆ 60ಕ್ಕೆ ಇಳೀತು, ಪಪ್ಪಾಯ ಎಲೆ ರಸ ಕುಡಿಸಿ ಅಂತ ಒಬ್ರು, ಬೇಡ ಅಂತ ಇನ್ನೊಬ್ರು, ಒಂದು ನಂಬರ್ ಹಿಡ್ಕೊಂಡು ಇಡೀ ಮನೆ ನಿದ್ದೆಗೆಡತ್ತೆ. ಅದೇ ಪ್ಲೇಟ್‌ಲೆಟ್ಟನ್ನ ಅಮ್ಮನ ಮಂಡಿನೋವಿಗೆ ಪಿಆರ್‌ಪಿ (ಪ್ಲೇಟ್‌ಲೆಟ್ ರಿಚ್ ಪ್ಲಾಸ್ಮಾ, ಅಂದ್ರೆ ಪ್ಲೇಟ್‌ಲೆಟ್ ಜಾಸ್ತಿ ಇರೋ ರಕ್ತದ ತಿಳಿ) ಅಂತ ಚುಚ್ಚೋಕೆ ರೆಡಿ ಮಾಡ್ತಿದ್ದಾಗ ಕೌಂಟ್ ಎಷ್ಟು ಬಂತು ಅಂತ ನಾನು ಕೇಳಿದ್ರೆ, ಮೆಷಿನ್ ಹತ್ರ ನಿಂತಿದ್ದ ಹುಡುಗ "ಅದನ್ನೆಲ್ಲ ನೋಡಲ್ಲ ಸರ್" ಅಂದ. ಅವತ್ತಿಂದ ಆ ಮಾತು ತಲೇಲೇ ಕೂತಿದೆ. ಆಮೇಲೆ ಕೂತು ಓದಿ ತಿಳ್ಕೊಂಡಿದ್ದನ್ನ ಇಲ್ಲಿ ಬರೀತಿದೀನಿ, ಯಾಕಂದ್ರೆ ಮಂಡಿನೋವಿನೋರು ಇಲ್ದೇ ಇರೋ ಮನೆನೇ ಕಮ್ಮಿ, ಪಿಆರ್‌ಪಿ ಬೋರ್ಡ್ ಹಾಕದೇ ಇರೋ ಮೂಳೆ ಆಸ್ಪತ್ರೆನೂ ಈಗ ಕಮ್ಮಿ ಆಗ್ತಿದೆ.

ಮೊದಲು ಮಂಡಿ ವಿಷ್ಯ. ಎಕ್ಸ್‌ರೇ ಹಿಡಿದು ಡಾಕ್ಟ್ರು "ಗ್ಯಾಪ್ ಕಮ್ಮಿ ಆಗಿದೆ ನೋಡಿ" ಅಂತಾರಲ್ಲ, ಆ ಗ್ಯಾಪ್ ಖಾಲಿ ಜಾಗ ಅಲ್ಲ. ಎರಡು ಮೂಳೆಗಳ ತುದೀಲಿ ಕೆಲವೇ ಮಿಲಿಮೀಟರ್ ದಪ್ಪ ಇರೋ ನುಣುಪಾದ ಕಾರ್ಟಿಲೇಜ್ ಕೂತಿರೋ ಜಾಗ ಅದು, ಎಕ್ಸ್‌ರೇಲಿ ಕಾರ್ಟಿಲೇಜ್ ಕಾಣಲ್ಲ ಅಷ್ಟೇ. ಈ ಕಾರ್ಟಿಲೇಜಿಗೆ ರಕ್ತನಾಳಾನೂ ಇಲ್ಲ, ನರಾನೂ ಇಲ್ಲ. ರಕ್ತ ಹೋಗದೇ ಇರೋದ್ರಿಂದ ಕೈ ಕೊಯ್ದ ಗಾಯ ವಾಸಿ ಆಗೋ ಹಾಗೆ ಇದು ತಾನಾಗೇ ವಾಸಿ ಆಗಲ್ಲ. ಇನ್ನು ನರ ಇಲ್ಲ ಅಂದ್ಮೇಲೆ ನೋವು ಅಲ್ಲಿಂದ ಬರೋದೂ ಅಲ್ಲ. ಕೆಳಗಿರೋ ಮೂಳೆಯಿಂದ ಬರತ್ತೆ, ಕೀಲಿನ ಒಳಪೊರೆ ಊದ್ಕೊಂಡಾಗ ಅಲ್ಲಿಂದ ಬರತ್ತೆ, ಸುತ್ತ ಇರೋ ಕಟ್ಟುಗಳಿಂದ ಬರತ್ತೆ. ಅದಕ್ಕೇ ಎಕ್ಸ್‌ರೇ ಪೂರ್ತಿ ಕೆಟ್ಟಿರೋ ಕೆಲವ್ರು ಆರಾಮಾಗಿ ಓಡಾಡ್ಕೊಂಡಿರ್ತಾರೆ, ಸ್ವಲ್ಪ ಸವೆದಿರೋರು ಮೆಟ್ಟಿಲು ಇಳಿಯೋಕೆ ಅಳ್ತಾರೆ.

ಪಿಆರ್‌ಪಿ ಅಂದ್ರೆ ಹೊರಗಿಂದ ತಂದ ಔಷಧಿ ಏನಲ್ಲ, ನಮ್ಮದೇ ರಕ್ತ. ಅಮ್ಮನ ಕೈಯಿಂದ ಎರಡ್ಮೂರು ಟ್ಯೂಬ್ ರಕ್ತ ತೆಗೆದು, ಹೆಪ್ಪುಗಟ್ಟದ ಹಾಗೆ ಔಷಧಿ ಇರೋ ಟ್ಯೂಬಲ್ಲಿ ಹಾಕಿ, ಸೆಂಟ್ರಿಫ್ಯೂಜ್ ಮೆಷಿನ್ನಲ್ಲಿ ಎದುರುಬದುರು ಜೋಡಿಸಿ ತಿರುಗಿಸಿದ್ರು. ಹೊರಗೆ ತೆಗ್ದಾಗ ನೋಡ್ಬೇಕು: ತಳದಲ್ಲಿ ದಟ್ಟ ಕೆಂಪು, ಮೇಲೆ ತೊಗರಿಬೇಳೆ ಕಟ್ಟಿನ ಬಣ್ಣದ ತಿಳಿ, ಎರಡರ ಮಧ್ಯೆ ದಾರದಷ್ಟು ತೆಳ್ಳಗೆ ಬೆಳ್ಳನೆ ಪದರ. ಭಾರ ಇರೋ ಕೆಂಪು ಕಣ ಕೆಳಗಿಳಿಯತ್ತೆ, ಬಿಳಿ ಕಣ ಮಧ್ಯೆ ಕೂರತ್ತೆ, ಹಗುರ ಇರೋ ಪ್ಲೇಟ್‌ಲೆಟ್ ಆ ಬಿಳಿ ಗೆರೆ ಮೇಲೂ ಅದರ ಆಸುಪಾಸಿನ ತಿಳೀಲೂ ಉಳಿಯತ್ತೆ. ಈಗ ಸಿರಿಂಜ್ ಸೂಜಿ ಆ ಗೆರೆಗೆ ಎಷ್ಟು ಹತ್ರ ಹೋಯ್ತು, ಮೆಷಿನ್ ಎಷ್ಟು ಜೋರಾಗಿ ಎಷ್ಟು ನಿಮಿಷ ತಿರುಗ್ತು, ಒಂದು ಸಲ ತಿರುಗಿಸಿದ್ರಾ ಎರಡು ಸಲಾನಾ, ಇದರ ಮೇಲೆ ಸಿರಿಂಜೊಳಗೆ ಬರೋ ಮಾಲು ಪೂರ್ತಿ ಬದಲಾಗತ್ತೆ. ಮೇಲಿನ ತಿಳೀನೇ ಎಳೆದ್ರೆ ಪ್ಲೇಟ್‌ಲೆಟ್ ಬಡವಾಗಿರತ್ತೆ, ಗೆರೆಯೊಳಗೇ ಸೂಜಿ ಇಟ್ರೆ ಬಿಳಿ ಕಣಾನೂ ಜೊತೆಗೆ ಬರತ್ತೆ. ಆದ್ರೆ ಬಿಲ್ಲಲ್ಲಿ ಎರಡಕ್ಕೂ ಹೆಸರು ಪಿಆರ್‌ಪಿ ಅಂತಲೇ.

ಪ್ಲೇಟ್‌ಲೆಟ್ ಒಳಗೆ ಪುಟ್ಟ ಪುಟ್ಟ ಚೀಲಗಳಿವೆ, ಗಾಯ ಆದಾಗ ಅವು ಒಡೆದು ಗ್ರೋತ್ ಫ್ಯಾಕ್ಟರ್‌ಗಳನ್ನ ಚೆಲ್ಲತ್ತೆ, ಸುತ್ತಲಿನ ಜೀವಕೋಶಗಳಿಗೆ ರಿಪೇರಿ ಶುರು ಮಾಡಿ ಅಂತ ಕರೆ ಹೋಗತ್ತೆ. ಇಲ್ಲಿ ತನಕ ವಿಜ್ಞಾನ ಗಟ್ಟಿ. ಆದ್ರೆ ಇದನ್ನೇ ಇಟ್ಕೊಂಡು ಸವೆದ ಕಾರ್ಟಿಲೇಜ್ ಮತ್ತೆ ಬೆಳೆಯತ್ತೆ ಅಂತ ಜಾಹೀರಾತಲ್ಲಿ ಹೇಳ್ತಾರಲ್ಲ, ಅಲ್ಲಿ ನನಗೆ ಸಿಟ್ಟು ಬರತ್ತೆ, ಯಾಕಂದ್ರೆ ಇದನ್ನ ಅಳತೆ ಮಾಡಿ ನೋಡಿದಾರೆ.

ಆಸ್ಟ್ರೇಲಿಯಾದಲ್ಲಿ ರಿಸ್ಟೋರ್ ಅಂತ ಒಂದು ಪರೀಕ್ಷೆ ನಡೀತು, ಫಲಿತಾಂಶ 2021ರಲ್ಲಿ ಬಂತು. ಮಂಡಿ ಸವೆತ ಇರೋ 288 ಜನ. ಅರ್ಧ ಜನಕ್ಕೆ ವಾರಕ್ಕೊಂದರಂತೆ ಮೂರು ಪಿಆರ್‌ಪಿ, ಇನ್ನರ್ಧಕ್ಕೆ ಮೂರು ಬರೀ ಸಲೈನ್, ಅಂದ್ರೆ ಉಪ್ಪುನೀರು. ಯಾರಿಗೆ ಯಾವುದು ಅಂತ ಅವರಿಗೇ ಗೊತ್ತಿಲ್ಲ. ಒಂದು ವರ್ಷ ಆದ್ಮೇಲೆ ಹತ್ತರ ಅಳತೇಲಿ ನೋವು ಪಿಆರ್‌ಪಿಯೋರಿಗೆ 2.1 ಇಳಿದಿತ್ತು, ಉಪ್ಪುನೀರಿನೋರಿಗೆ 1.8. ಎಂಆರ್‌ಐಲಿ ಒಳಭಾಗದ ಕಾರ್ಟಿಲೇಜ್ ನೋಡಿದ್ರೆ ಪಿಆರ್‌ಪಿಯೋರಿಗೆ 1.4 ಪರ್ಸೆಂಟ್ ಕಮ್ಮಿ ಆಗಿತ್ತು, ಉಪ್ಪುನೀರಿನೋರಿಗೆ 1.2. ಎರಡೂ ಕಡೆ ಹೆಚ್ಚುಕಮ್ಮಿ ಒಂದೇ, ಕಾರ್ಟಿಲೇಜ್ ಬೆಳೆದಿಲ್ಲ. ಉಪ್ಪುನೀರಿಗೂ ಅಷ್ಟು ನೋವು ಇಳೀತಲ್ಲ, ಅದನ್ನ ಸುಳ್ಳು ನೋವು ಅಂತ ಯಾರೂ ಅನ್ಕೋಬಾರ್ದು. ಮಂಡಿನೋವು ಏರತ್ತೆ ಇಳಿಯತ್ತೆ, ತೀರಾ ಏರಿದಾಗಲೇ ನಾವು ಸೂಜಿಗೆ ಹೋಗೋದು, ಮೇಲೆ ಒಬ್ಬ ಡಾಕ್ಟ್ರು ಕಾಲು ಮುಟ್ಟಿ ನೋಡಿ ಇಂಜೆಕ್ಷನ್ ಕೊಟ್ರು ಅನ್ನೋ ಭರವಸೇನೂ ದೇಹದ ಮೇಲೆ ಕೆಲಸ ಮಾಡತ್ತೆ.

ಆದ್ರೆ ಕಥೆ ಇಲ್ಲಿಗೇ ಮುಗಿಯಲ್ಲ, ಯಾಕಂದ್ರೆ ಮತ್ತೆ ಅದೇ ಕೌಂಟ್. ನಮ್ಮ ರಕ್ತದಲ್ಲಿ ಮಾಮೂಲಿಯಾಗಿ ಒಂದು ಮೈಕ್ರೋಲೀಟರಿಗೆ ಒಂದೂವರೆಯಿಂದ ನಾಲ್ಕೂವರೆ ಲಕ್ಷ ಪ್ಲೇಟ್‌ಲೆಟ್ ಇರತ್ತೆ. ಆಸ್ಟ್ರೇಲಿಯಾದಲ್ಲಿ ಕೊಟ್ಟ ಪಿಆರ್‌ಪೀಲಿ ಇದ್ದಿದ್ದು ಸುಮಾರು 3.25 ಲಕ್ಷ, ಅಂದ್ರೆ ರಕ್ತದಲ್ಲಿ ಇರೋದಕ್ಕಿಂತ ಸ್ವಲ್ಪವೇ ಜಾಸ್ತಿ. 5 ಎಂಎಲ್ ಚುಚ್ಚಿದ್ರೆ ಲೆಕ್ಕ ಹಾಕಿ, 160 ಕೋಟಿ ಚಿಲ್ಲರೆ ಪ್ಲೇಟ್‌ಲೆಟ್. ಅದೇ 2021ರಲ್ಲಿ ನಮ್ಮ ದೇಶದ ವೈದ್ಯರು 150 ಜನರ ಮೇಲೆ ಮಾಡಿದ ಅಧ್ಯಯನದಲ್ಲಿ ಒಂದು ಮಂಡಿಗೆ 1000 ಕೋಟಿ ಪ್ಲೇಟ್‌ಲೆಟ್ ಹೋಗೋ ಹಾಗೆ ಎಣಿಸಿ ಕೊಟ್ರು, ವರ್ಷದ ಕೊನೇಲಿ ಹಯಲುರಾನಿಕ್ ಆಸಿಡ್ ಜೆಲ್ (ಕೀಲು ಸರಾಗ ಜಾರಲಿ ಅಂತ ಚುಚ್ಚೋ ಜೆಲ್) ತಗೊಂಡೋರಿಗಿಂತ ಇವ್ರು ಚೆನ್ನಾಗಿದ್ರು. ಒಂದೇ ಹೆಸರಿನ ಎರಡು ಇಂಜೆಕ್ಷನ್ ಮಧ್ಯೆ ಆರು ಪಟ್ಟು ವ್ಯತ್ಯಾಸ! ಹಾಗಂತ ಜಾಸ್ತಿ ಪ್ಲೇಟ್‌ಲೆಟ್ ಇದ್ರೆ ಗ್ಯಾರಂಟಿ ಅಂತಲೂ ಹೇಳೋಕಾಗಲ್ಲ, ಎರಡನೇದ್ರಲ್ಲಿ ಹೋಲಿಸಿದ್ದು ಜೆಲ್ ಜೊತೆ, ಉಪ್ಪುನೀರಿನ ಜೊತೆ ಅಲ್ಲ. ಉಪ್ಪುನೀರಿನ ಜೊತೆ ಹೋಲಿಸಿದ್ದು ಚಂಡೀಗಢದ ಪಿಜಿಐ ಆಸ್ಪತ್ರೆಯ ಡಾಕ್ಟ್ರುಗಳು, 2013ರಲ್ಲಿ, 78 ಜನ, 156 ಮಂಡಿ. ಅಲ್ಲಿ ಒಂದೇ ಪಿಆರ್‌ಪಿ ತಗೊಂಡೋರಿಗೂ ಎರಡು ತಗೊಂಡೋರಿಗೂ ನೋವು ಚೆನ್ನಾಗೇ ಇಳೀತು, ಉಪ್ಪುನೀರಿನೋರಿಗೆ ಇಳೀಲಿಲ್ಲ, ಆದ್ರೆ ಆರು ತಿಂಗಳು ಆಗೋಷ್ಟ್ರಲ್ಲಿ ಆ ಲಾಭ ಸ್ವಲ್ಪ ಜಾರೋಕೂ ಶುರು ಆಗಿತ್ತು.

ಅಮೆರಿಕದ ರುಮಟಾಲಜಿ ಕಾಲೇಜ್, ಅಂದ್ರೆ ಕೀಲುರೋಗ ತಜ್ಞರ ಸಂಘ, 2019ರಲ್ಲಿ ಮಂಡಿ ಸವೆತಕ್ಕೆ ಪಿಆರ್‌ಪಿ ಬೇಡ ಅಂತ ಗಟ್ಟಿಯಾಗಿ ಹೇಳ್ತು, ಅವರು ಕೊಟ್ಟ ಕಾರಣ ಏನು ಗೊತ್ತಾ, ಒಬ್ಬೊಬ್ರು ತಯಾರು ಮಾಡೋದು ಒಂದೊಂದು ಥರ, ಏನು ಚುಚ್ತಿದಾರೆ ಅನ್ನೋದಕ್ಕೇ ಒಂದು ಅಳತೆ ಇಲ್ಲ ಅಂತ. ಅಲ್ಲಿಯ ಮೂಳೆ ಸರ್ಜನ್‌ಗಳ ಅಕಾಡೆಮಿ 2021ರಲ್ಲಿ ನೋವು ಕಮ್ಮಿ ಆಗಬಹುದು ಅಂತ ಸ್ವಲ್ಪ ಸಡಿಲ ಬಿಡ್ತು, ಅದೂ ಪುರಾವೆ ಅಷ್ಟಾಗಿ ಇಲ್ಲ ಅಂತ ಸೇರಿಸಿಯೇ.

ಇದನ್ನೆಲ್ಲ ಓದಿ ನನಗೆ ಅನ್ಸಿದ್ದು, ಪಿಆರ್‌ಪಿ ಕೆಲಸ ಮಾಡಿದ್ರೆ ಅದು ಒಳಪೊರೆಯ ಉರಿಯೂತ ತಣಿಸಿ ಕೆಲವು ತಿಂಗಳು ನೋವು ತಗ್ಗಿಸತ್ತೆ, ಅಷ್ಟೇ. ಸವೆತ ಶುರುವಾಗಿ ಮಧ್ಯದಲ್ಲಿರೋರಿಗೆ ಒಂದು ಆಸೆ ಇದೆ, ಮೂಳೆಗೆ ಮೂಳೆ ತಾಗಿ ಕಾಲು ಸೊಟ್ಟ ಆಗಿರೋರಿಗೆ ದುಡ್ಡು ದಂಡ ಅಂತ್ಲೇ ನನ್ನ ಅಭಿಪ್ರಾಯ. ಮಾಡಿಸ್ಕೊಳ್ಳೋದೇ ಆದ್ರೆ ಹಣ ಕಟ್ಟೋ ಮುಂಚೆ ಕೇಳಿ: ಎಷ್ಟು ರಕ್ತ ತೆಗೀತೀರಾ, ಬಿಳಿ ಕಣ ಇರತ್ತಾ ಇರಲ್ವಾ, ತಯಾರಾದ ಮಾಲಿನ ಕೌಂಟ್ ಮಾಡಿ ಫೈಲಲ್ಲಿ ಬರೀತೀರಾ. ಲ್ಯಾಬಲ್ಲಿ ರಕ್ತ ಎಣಿಸೋ ಮೆಷಿನ್ ಹೇಗೂ ಇರತ್ತೆ, ಒಂದು ತೊಟ್ಟು ಅದಕ್ಕೆ ಕೊಟ್ರೆ ಆಯ್ತು. ನೋವಿನ ಮಾತ್ರೆ ತಗೋತಿದ್ರೆ ಹೇಳಿ, ಅಂಥ ಕೆಲವು ಮಾತ್ರೆ ಪ್ಲೇಟ್‌ಲೆಟ್ಟಿನ ಕೆಲಸಾನೇ ತಡೆಯತ್ತೆ ಅಂತ ಮುಂಚೆನೇ ನಿಲ್ಲಿಸ್ತಾರೆ. ಹೃದಯಕ್ಕೆ ಅಂತ ಆಸ್ಪಿರಿನ್ ತಗೊಳ್ಳೋರು ಮಾತ್ರ ಬರೆದುಕೊಟ್ಟ ಡಾಕ್ಟ್ರನ್ನ ಕೇಳದೆ ನಿಲ್ಲಿಸಲೇಬೇಡಿ. ಚುಚ್ಚಿದ ಮೇಲೆ ಎರಡ್ಮೂರು ದಿನ ನೋವು ಊತ ಜಾಸ್ತಿ ಆಗೋದು ಮಾಮೂಲು, ಜ್ವರ ಬಂದ್ರೆ, ಮಂಡಿ ಕೆಂಪಗೆ ಬಿಸಿಯಾದ್ರೆ ಕಾಯ್ಬೇಡಿ.

ಅಮ್ಮನಿಗೆ ನಾಲ್ಕು ತಿಂಗಳು ಹಗುರ ಆಯ್ತು. ಪ್ಲೇಟ್‌ಲೆಟ್ಟಿಂದಾನೋ ಏನೋ, ಅದೇ ಟೈಮಲ್ಲಿ ಫಿಸಿಯೋಥೆರಪಿಯೋರು ಹೇಳ್ಕೊಟ್ಟ ತೊಡೆ ವ್ಯಾಯಾಮಾನೂ ಶುರು ಮಾಡಿದ್ರು. ಒಂದು ಕೆಜಿ ತೂಕ ಇಳಿದ್ರೆ ಒಂದೊಂದು ಹೆಜ್ಜೇಲೂ ಮಂಡಿ ಮೇಲೆ ನಾಲ್ಕು ಕೆಜಿ ಭಾರ ಇಳಿಯತ್ತೆ ಅಂತ ಅಳೆದು ನೋಡಿದಾರೆ ಅಂದಿದ್ದಕ್ಕೆ ರಾತ್ರಿ ಅನ್ನಾನೂ ಕಮ್ಮಿ ಮಾಡಿದ್ರು. ಈಗ ನೋವು ಮತ್ತೆ ಇಣುಕ್ತಿದೆ, ಇನ್ನೊಂದು ಇಂಜೆಕ್ಷನ್ ಹಾಕಿಸೋಣ್ವಾ ಅಂತ ಕೇಳ್ತಿದಾರೆ. ಸದ್ಯಕ್ಕೆ ಬೆಳಿಗ್ಗೆ ಕಾಫಿ ಆದ್ಮೇಲೆ ಕುರ್ಚಿಯಿಂದ ಕೈ ಊರದೆ ಹತ್ತು ಸಲ ಏಳೋದು ಕೂರೋದು ನಡೀತಿದೆ, ನಾನು ಪಕ್ಕದಲ್ಲಿ ನಿಂತು ಎಣಿಸ್ತೀನಿ.