ಸೈನಿಕರಿಗೆ ವರ್ಗಾವಣೆಯಾದರೆ ಮನೆಯವರ ಲೈಸೆನ್ಸ್ ಏನಾಗುತ್ತದೆ? ಅಮೆರಿಕದ ಕಾನೂನಿನ ಬಗ್ಗೆ ಓದುವವರಿಗೆ ಒಂದು ಟಿಪ್ಪಣಿ

ನರ್ಸ್, ಶಿಕ್ಷಕರಂಥವರು ಕೆಲಸ ಮಾಡಲು ಪಡೆಯಲೇಬೇಕಾದ ವೃತ್ತಿ ಲೈಸೆನ್ಸಿನಲ್ಲಿ ಅಮೆರಿಕದ ಸೈನಿಕ ಕುಟುಂಬಗಳಿಗೆ ಸಿಗುವ ರಿಯಾಯಿತಿಗಳ ಪಾಠ ಇದು. ಇದರಲ್ಲಿ ಮೊದಲು ತಲೆ ಕೆಡಿಸುವುದು ಹೆಸರೇ. ಮಾಜಿ ಸೈನಿಕರು, ಸೇವೆಯಲ್ಲಿರುವವರು, ಸೈನಿಕರ ಗಂಡ ಅಥವಾ ಹೆಂಡತಿ ಎಂದು ಮೂವರನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾರೆ. ನಾವೂ ಮೂವರಿಗೂ ಒಂದೇ ರಿಯಾಯಿತಿ ಅಂದುಕೊಂಡು ಓದುತ್ತೇವೆ. ಆಮೇಲೆ ಯಾವ ನಿಯಮ ಯಾರಿಗೆ ಅಂತ ಕೇಳಿದರೆ ಎಲ್ಲ ಕಲಸುಮೇಲೋಗರ.

ಮೂವರ ತೊಂದರೆ ಬೇರೆ ಬೇರೆ. ಸೈನಿಕರ ಸಂಗಾತಿಯ ಕೈಯಲ್ಲಿ ಲೈಸೆನ್ಸ್ ಇದೆ, ಆದರೆ ಅದು ಬೇರೆ ರಾಜ್ಯದ್ದು. ಸೇವೆಯಲ್ಲಿರುವವರಿಗೂ ಲೈಸೆನ್ಸ್ ಇರಬಹುದು, ಆದರೆ ನವೀಕರಿಸಲು ಊರಲ್ಲೇ ಇರುವುದಿಲ್ಲ. ಮಾಜಿ ಸೈನಿಕರಿಗೆ ಕೆಲಸ ಚೆನ್ನಾಗಿ ಗೊತ್ತು, ಲೈಸೆನ್ಸೇ ಇಲ್ಲ. ಯಾವ ನಿಯಮ ಕಣ್ಣಿಗೆ ಬಿದ್ದರೂ ಇದು ಯಾವ ತೊಂದರೆಗೆ ಪರಿಹಾರ ಅಂತ ಮೊದಲು ಕೇಳಿಕೊಳ್ಳಿ. ಅರ್ಧ ಪಾಠ ಅಲ್ಲೇ ಮುಗಿಯುತ್ತದೆ.

ರಾಜ್ಯಕ್ಕೊಂದು ಲೈಸೆನ್ಸ್ ಯಾಕೆ?

ನಮಗೆ ಇದು ವಿಚಿತ್ರ ಅನ್ನಿಸುವುದು ಸಹಜ. ಕರ್ನಾಟಕದಲ್ಲಿ ಸನ್ನದು ಪಡೆದ ವಕೀಲರಿಗೆ ದೇಶದ ಬೇರೆ ರಾಜ್ಯಗಳ ಕೋರ್ಟುಗಳಲ್ಲೂ ವಕೀಲಿ ಮಾಡುವ ಹಕ್ಕಿದೆ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ವೃತ್ತಿ ಲೈಸೆನ್ಸ್ ರಾಜ್ಯ ಸರ್ಕಾರಗಳ ಕೈಯಲ್ಲಿದೆ. ವೈದ್ಯರಿಗೆ ಲೈಸೆನ್ಸ್ ಕಡ್ಡಾಯ ಮಾಡುವ ಅಧಿಕಾರ ರಾಜ್ಯಕ್ಕಿದೆ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1889ರಲ್ಲೇ ಹೇಳಿತು. ವೆಸ್ಟ್ ವರ್ಜೀನಿಯಾದ ಡೆಂಟ್ ಪ್ರಕರಣ ಅದು. ಆಮೇಲೆ ಪಟ್ಟಿ ಬೆಳೆಯುತ್ತಲೇ ಹೋಯಿತು. ನರ್ಸ್, ಶಿಕ್ಷಕರು, ಎಲೆಕ್ಟ್ರಿಷಿಯನ್, ಕೊನೆಗೆ ಕೂದಲು ಕತ್ತರಿಸುವವರಿಗೂ ಲೈಸೆನ್ಸ್ ಬಂತು. 1950ರ ದಶಕದ ಆರಂಭದಲ್ಲಿ ರಾಜ್ಯದ ಲೈಸೆನ್ಸ್ ಬೇಕಾಗಿದ್ದದ್ದು ಶೇ 5ಕ್ಕಿಂತ ಕಡಿಮೆ ಕೆಲಸಗಾರರಿಗೆ. 2008ರ ಹೊತ್ತಿಗೆ ಅದು ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರಿಗೆ ಬಂದು ನಿಂತಿತ್ತು.

ಒಂದೇ ಊರಲ್ಲಿ ಬೇರುಬಿಟ್ಟವರಿಗೆ ಇದು ದೊಡ್ಡ ತಲೆನೋವಲ್ಲ. ಸೈನಿಕ ಕುಟುಂಬಕ್ಕೆ ಮಾತ್ರ ಎರಡು-ಮೂರು ವರ್ಷಕ್ಕೊಮ್ಮೆ ಗಂಟುಮೂಟೆ ಕಟ್ಟುವ ಪಾಡು. ಅಮೆರಿಕದ ಖಜಾನೆ ಇಲಾಖೆ ಮತ್ತು ರಕ್ಷಣಾ ಇಲಾಖೆ ಸೇರಿ 2012ರಲ್ಲಿ ಒಂದು ವರದಿ ತಂದವು. ದುಡಿಯುವ ಸೈನಿಕ ಸಂಗಾತಿಗಳಲ್ಲಿ ಸುಮಾರು ಶೇ 35ರಷ್ಟು ಜನರ ಕೆಲಸಕ್ಕೆ ಲೈಸೆನ್ಸ್ ಅಥವಾ ಸರ್ಟಿಫಿಕೇಟ್ ಬೇಕು ಎಂದು ಅದು ಲೆಕ್ಕ ಹಾಕಿತು. ಸಾಮಾನ್ಯ ಜನರಿಗಿಂತ ಇವರು ರಾಜ್ಯ ದಾಟಿ ಮನೆ ಬದಲಿಸುವ ಸಾಧ್ಯತೆ 10 ಪಟ್ಟು ಜಾಸ್ತಿ. ಹೊಸ ಊರಲ್ಲಿ ಅರ್ಜಿ, ಶುಲ್ಕ, ಕೆಲವೊಮ್ಮೆ ಮತ್ತೆ ಪರೀಕ್ಷೆ. ಲೈಸೆನ್ಸ್ ಕೈಗೆ ಬರುವ ಹೊತ್ತಿಗೆ ಮುಂದಿನ ವರ್ಗಾವಣೆಯ ಮಾತು ಶುರುವಾಗಿರುತ್ತದೆ.

ಸೆಕ್ಷನ್ 705ಎ: ಇಲ್ಲಿ ನಿಧಾನವಾಗಿ ಓದಿ

ಸೈನಿಕರಿಗೆ ನಾಗರಿಕ ವ್ಯವಹಾರಗಳಲ್ಲಿ ರಕ್ಷಣೆ ಕೊಡುವ ಒಂದು ಫೆಡರಲ್, ಅಂದರೆ ಕೇಂದ್ರದ, ಕಾಯ್ದೆ ಇದೆ. ಹೆಸರು ಸರ್ವೀಸ್‌ಮೆಂಬರ್ಸ್ ಸಿವಿಲ್ ರಿಲೀಫ್ ಆಕ್ಟ್. 1940ರ ಹಳೆಯ ಕಾಯ್ದೆಯನ್ನು 2003ರಲ್ಲಿ ಹೊಸದಾಗಿ ಬರೆದದ್ದು ಇದು. ಸಾಲದ ಬಡ್ಡಿ, ಬಾಡಿಗೆ ಕರಾರು ಇಂಥವು ಅದರಲ್ಲಿ ಮೊದಲಿನಿಂದಲೂ ಇದ್ದವು. ವೃತ್ತಿ ಲೈಸೆನ್ಸ್ ಸೇರಿದ್ದು 2023ರ ಜನವರಿಯಲ್ಲಿ, 705ಎ ಎಂಬ ಸೆಕ್ಷನ್ ಮೂಲಕ.

ಅದರ ಸಾರ ಇಷ್ಟೇ. ಮಿಲಿಟರಿ ಆದೇಶದ ಕಾರಣಕ್ಕೆ ನೀವು ಬೇರೆ ರಾಜ್ಯಕ್ಕೆ ಹೋದರೆ, ನಿಮ್ಮ ಹಳೆಯ ಲೈಸೆನ್ಸ್ ಅಲ್ಲೂ ಅದೇ ರೀತಿಯ ಕೆಲಸಕ್ಕೆ ನಡೆಯುತ್ತದೆ. ಆ ಆದೇಶ ಇರುವಷ್ಟು ಕಾಲ ಮಾತ್ರ. ಸೈನಿಕರಿಗೂ ಇದು ಸಿಗುತ್ತದೆ, ಅವರ ಸಂಗಾತಿಗೂ ಸಿಗುತ್ತದೆ. ಹಳೆಯ ರಾಜ್ಯದಲ್ಲಿ ನಿಮ್ಮ ಮೇಲೆ ಶಿಸ್ತುಕ್ರಮ ಇರಬಾರದು. ಹೊಸ ರಾಜ್ಯದ ನಡವಳಿಕೆ ನಿಯಮಕ್ಕೆ ತಲೆಬಾಗಬೇಕು. ಲೈಸೆನ್ಸನ್ನು ಹಿಂದಿನ ಎರಡು ವರ್ಷದಲ್ಲಿ ಬಳಸಿರಬೇಕು ಎಂಬ ಷರತ್ತೂ ಮೊದಲಿತ್ತು. ಮಗು ಆಗಿ ಕೆಲಸ ಬಿಟ್ಟವರಿಗೆ, ಲೈಸೆನ್ಸ್ ಸಿಗದೆ ಮನೆಯಲ್ಲೇ ಕೂತವರಿಗೆ ಇದು ಮುಳ್ಳಾಗಿತ್ತು. ಆಮೇಲಿನ ತಿದ್ದುಪಡಿ ಅದನ್ನು ಕಿತ್ತುಹಾಕಿತು. ಈಗ ಅರ್ಜಿಯ ಜೊತೆ ವರ್ಗಾವಣೆ ಆದೇಶ, ಸಂಗಾತಿಯಾದರೆ ಮದುವೆ ಸರ್ಟಿಫಿಕೇಟು, ನೋಟರಿ ಮಾಡಿಸಿದ ಅಫಿಡವಿಟ್ ಕೊಡಬೇಕು. ಹಳೆಯ ನೋಟ್ಸ್ ಇಟ್ಟುಕೊಂಡು ಓದುವವರು ಇಲ್ಲೇ ಎಡವುತ್ತಾರೆ, ನೋಡಿಕೊಳ್ಳಿ.

2023ರಲ್ಲಿ ಬಂದಾಗ ಇದು ವಕೀಲರಿಗೆ ಅನ್ವಯಿಸುತ್ತಿರಲಿಲ್ಲ. ಕಾನೂನು ಬರೆದವರು ವಕೀಲರ ಲೈಸೆನ್ಸನ್ನೇ ಹೊರಗಿಟ್ಟರು ಅನ್ನುವುದು ತಮಾಷೆಯಲ್ವಾ? ಸೈನಿಕರನ್ನು ಮದುವೆಯಾದ ವಕೀಲರು ಆಗ ಆಯಾ ರಾಜ್ಯದ ಕೋರ್ಟು ಮಾಡಿದ ಪ್ರತ್ಯೇಕ ನಿಯಮವನ್ನೇ ನಂಬಬೇಕಿತ್ತು.

ಒಂದು ಉದಾಹರಣೆ ನೋಡೋಣ. ವರ್ಜೀನಿಯಾದ ನಾರ್ಫೋಕ್‌ನಲ್ಲಿ ಒಬ್ಬ ನರ್ಸ್ ಇದ್ದಾರೆ ಅಂದುಕೊಳ್ಳಿ. ಗಂಡ ನೌಕಾಪಡೆಯಲ್ಲಿ. ವರ್ಜೀನಿಯಾ ನರ್ಸುಗಳ ಕಾಂಪ್ಯಾಕ್ಟ್‌ನಲ್ಲಿದೆ. ಕಾಂಪ್ಯಾಕ್ಟ್ ಅಂದರೆ ಒಬ್ಬರ ಲೈಸೆನ್ಸನ್ನು ಇನ್ನೊಬ್ಬರು ಒಪ್ಪಿಕೊಳ್ಳೋಣ ಎಂದು ರಾಜ್ಯಗಳು ಮಾಡಿಕೊಂಡ ಒಪ್ಪಂದ. ಈಕೆಯದು ಅಂಥ ಬಹುರಾಜ್ಯ ಲೈಸೆನ್ಸ್.

ಗಂಡನಿಗೆ ಫ್ಲಾರಿಡಾಕ್ಕೆ ವರ್ಗ ಆಯಿತು. ಫ್ಲಾರಿಡಾ ಕೂಡ ಕಾಂಪ್ಯಾಕ್ಟ್‌ನಲ್ಲಿದೆ. 705ಎ ಸೆಕ್ಷನ್ನೇ ಹೇಳುವಂತೆ, ಕಾಂಪ್ಯಾಕ್ಟ್ ಇರುವ ಕಡೆ ಕಾಂಪ್ಯಾಕ್ಟ್ ನಿಯಮವೇ ನಡೆಯಬೇಕು. ಹಾಗಾಗಿ ಈಕೆ 705ಎ ಅರ್ಜಿ ಹಿಡಿದು ಓಡಾಡುವ ಅಗತ್ಯವಿಲ್ಲ.

ಈಗ ಫ್ಲಾರಿಡಾ ಬದಲು ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊ ಅಂದುಕೊಳ್ಳಿ. ದೇಶದ ಅತಿ ದೊಡ್ಡ ನೌಕಾನೆಲೆಗಳಲ್ಲಿ ಒಂದು ಅಲ್ಲಿದೆ. ಆದರೆ ಕ್ಯಾಲಿಫೋರ್ನಿಯಾ ಕಾಂಪ್ಯಾಕ್ಟ್‌ಗೆ ಸೇರಿಲ್ಲ. ಕೈಯಲ್ಲಿರುವ ಬಹುರಾಜ್ಯ ಲೈಸೆನ್ಸ್ ಆ ಗಡಿಯಲ್ಲಿ ನಿಂತುಹೋಗುತ್ತದೆ. ಇಲ್ಲಿ 705ಎ ಕೆಲಸಕ್ಕೆ ಬರುತ್ತದೆ. ಅದೇ ನರ್ಸ್, ಅದೇ ಲೈಸೆನ್ಸ್. ಊರು ಬದಲಾದರೆ ಹಿಡಿಯಬೇಕಾದ ನಿಯಮವೂ ಬದಲಾಯಿತು.

ಲೈಸೆನ್ಸ್ ಕೊಡುವ ರಾಜ್ಯದ ಬೋರ್ಡು ಒಪ್ಪದಿದ್ದರೆ? 2023ರಲ್ಲಿ ಟೆಕ್ಸಾಸ್‌ನಲ್ಲಿ ಇದೇ ಆಯಿತು. ವಾಯುಪಡೆಯವರ ಹೆಂಡತಿಯಾದ ಒಬ್ಬ ಶಾಲಾ ಕೌನ್ಸೆಲರ್ ಬಳಿ ಬೇರೆ ರಾಜ್ಯದ ಲೈಸೆನ್ಸ್ ಇತ್ತು. ಟೆಕ್ಸಾಸ್ ತನ್ನದೇ ಷರತ್ತುಗಳನ್ನು ಮುಂದಿಟ್ಟಿತು. ಆಕೆ ಫೆಡರಲ್ ಕೋರ್ಟಿಗೆ ಹೋದರು. ಅಮೆರಿಕದ ನ್ಯಾಯ ಇಲಾಖೆ ಆಕೆಯ ಪರವಾಗಿ ತನ್ನ ಅಭಿಪ್ರಾಯ ಸಲ್ಲಿಸಿತು, ಕೋರ್ಟು ಆಕೆಯ ಕಡೆಗೇ ತೀರ್ಪು ಕೊಟ್ಟಿತು. ಫೆಡರಲ್ ಕಾನೂನಿಗೆ ರಾಜ್ಯದ ನಿಯಮ ಅಡ್ಡ ಬರುವಂತಿಲ್ಲ. ಈ ಸೆಕ್ಷನ್ ಬಗ್ಗೆ ಒಂದೇ ಪ್ರಕರಣ ನೆನಪಿಡುವುದಾದರೆ ಇದನ್ನೇ ಇಡಿ.

ರಾಜ್ಯಗಳ ರಿಯಾಯಿತಿ

ಫೆಡರಲ್ ಕಾನೂನು ಬರುವ ಮೊದಲೇ ರಾಜ್ಯಗಳು ತಮ್ಮ ತಮ್ಮ ದಾರಿ ಹುಡುಕಿಕೊಂಡಿದ್ದವು. ಅರಿಜೋನಾ 2019ರಲ್ಲಿ ಸೈನಿಕರಿಗಷ್ಟೇ ಅಲ್ಲ, ಬಂದು ನೆಲೆಸುವ ಎಲ್ಲರಿಗೂ ಬಾಗಿಲು ತೆರೆಯಿತು. ಸೈನಿಕ ಸಂಗಾತಿಗಳು ಬೇರೆ ರಾಜ್ಯದ ಲೈಸೆನ್ಸ್ ಮೇಲೆ ಮೂರು ವರ್ಷದವರೆಗೆ ಕೆಲಸ ಮಾಡಬಹುದು ಎಂದು ಟೆಕ್ಸಾಸ್ ಅದೇ ವರ್ಷ ಕಾನೂನು ಮಾಡಿತು. ಕ್ಯಾಲಿಫೋರ್ನಿಯಾದಲ್ಲಿ ತಾತ್ಕಾಲಿಕ ಲೈಸೆನ್ಸ್ ಇದೆ, ಅರ್ಜಿಯನ್ನು ಬೇಗ ನೋಡುವ ವ್ಯವಸ್ಥೆಯೂ ಇದೆ.

ಬೇಗ ನೋಡುವುದು ಅಂದರೆ ಸಾಲಿನಲ್ಲಿ ಮುಂದೆ ಬಿಡುವುದು, ಅಷ್ಟೇ. ಅರ್ಹತೆಯ ಒಂದು ಷರತ್ತೂ ಸಡಿಲವಾಗುವುದಿಲ್ಲ. 705ಎ ಅಡಿ ಕೇಳುವುದು ಹೊಸ ಲೈಸೆನ್ಸನ್ನಲ್ಲ, ಹಳೆಯದಕ್ಕೆ ಮಾನ್ಯತೆಯನ್ನು. ಎರಡನ್ನೂ ಒಂದೇ ಅಂತ ಬರೆದರೆ ಅಂಕ ಹೋಯಿತು.

ದುಡ್ಡಿನ ವಿಷಯವೂ ಇದೆ. ಹೊಸ ರಾಜ್ಯದಲ್ಲಿ ಲೈಸೆನ್ಸ್ ಮಾಡಿಸಿದ ಖರ್ಚಿಗೆ ಸಂಗಾತಿಗಳಿಗೆ 1,000 ಡಾಲರ್‌ವರೆಗೆ ವಾಪಸ್ ಸಿಗುತ್ತದೆ. ಮೊದಲು ಇದು 500 ಇತ್ತು.

ಸೇವೆಯಲ್ಲಿರುವವರು

ಇದು ಚಿಕ್ಕದು. ಹಡಗಿನಲ್ಲೋ ಹೊರದೇಶದಲ್ಲೋ ಇದ್ದಾಗ ಲೈಸೆನ್ಸ್ ಅವಧಿ ಮುಗಿಯುತ್ತದೆ. ಹಾಗಾಗಿ ಅನೇಕ ರಾಜ್ಯಗಳು ನವೀಕರಣ ಶುಲ್ಕ ಮತ್ತು ವರ್ಷ ವರ್ಷ ಮಾಡಬೇಕಾದ ತರಬೇತಿಯಿಂದ ವಿನಾಯಿತಿ ಕೊಡುತ್ತವೆ. ಆ ಅವಧಿಯಲ್ಲಿ ಹೊರಗೆ ಖಾಸಗಿಯಾಗಿ ವೃತ್ತಿ ಮಾಡುವಂತಿಲ್ಲ ಎಂಬ ಷರತ್ತು ಸಾಮಾನ್ಯವಾಗಿ ಜೊತೆಗಿರುತ್ತದೆ.

ಒಂದು ಸೂಕ್ಷ್ಮ ಇದೆ. ಸೇನಾ ಆಸ್ಪತ್ರೆಯ ಡಾಕ್ಟರಿಗೆ ಯಾವುದಾದರೂ ಒಂದು ರಾಜ್ಯದ ಲೈಸೆನ್ಸ್ ಇದ್ದರೆ ಸಾಕು, ಅಧಿಕೃತ ಕೆಲಸವನ್ನು ಯಾವ ರಾಜ್ಯದಲ್ಲಾದರೂ ಮಾಡಬಹುದು. ಅದೇ ಡಾಕ್ಟರ್ ಶನಿವಾರ ಪಕ್ಕದ ಊರಿನ ಖಾಸಗಿ ಆಸ್ಪತ್ರೆಯಲ್ಲಿ ಡ್ಯೂಟಿ ಮಾಡಿದರೆ ಆ ರಕ್ಷಣೆ ಇಲ್ಲ.

ಮಾಜಿ ಸೈನಿಕರು: ಕೆಲಸ ಗೊತ್ತು, ಕಾಗದ ಇಲ್ಲ

ಸೇನೆಯ ಕಾಂಬ್ಯಾಟ್ ಮೆಡಿಕ್ ಅನ್ನೇ ತೆಗೆದುಕೊಳ್ಳಿ. ಗುಂಡಿನ ಸದ್ದಿನ ನಡುವೆ ರಕ್ತ ನಿಲ್ಲಿಸುತ್ತಾರೆ, ಡ್ರಿಪ್ ಹಾಕುತ್ತಾರೆ, ಗಾಳಿ ತುಂಬಿ ಶ್ವಾಸಕೋಶ ಕುಗ್ಗಿದರೆ ಎದೆಗೆ ಸೂಜಿ ಚುಚ್ಚಿ ಆ ಗಾಳಿ ಹೊರಬಿಡುತ್ತಾರೆ. ಸೇನೆ ಬಿಟ್ಟು ಬಂದಾಗ ಕೈಯಲ್ಲಿರುವುದು ಮಾತ್ರ ಆ್ಯಂಬುಲೆನ್ಸ್ ಸಿಬ್ಬಂದಿಯ ಆರಂಭದ ಹಂತವಾದ ಇಎಂಟಿ ಸರ್ಟಿಫಿಕೇಟು. ಪ್ಯಾರಾಮೆಡಿಕ್ ಅಥವಾ ನರ್ಸ್ ಆಗಬೇಕಾದರೆ ಮತ್ತೆ ಕಾಲೇಜು. ಗೊತ್ತಿರುವುದನ್ನೇ ಮತ್ತೆ ಕಲಿಯಲು ದುಡ್ಡು ಕೊಡಬೇಕು.

ಇಲ್ಲಿ 705ಎ ಯಾವ ಉಪಯೋಗಕ್ಕೂ ಇಲ್ಲ. ಸಾಗಿಸಲು ಲೈಸೆನ್ಸೇ ಇಲ್ಲವಲ್ಲ. ಬೇಕಾದದ್ದು ಸೇನೆಯ ತರಬೇತಿಗೆ ಬೆಲೆ ಕಟ್ಟುವ ವ್ಯವಸ್ಥೆ. ಜಾಯಿಂಟ್ ಸರ್ವೀಸಸ್ ಟ್ರಾನ್ಸ್‌ಕ್ರಿಪ್ಟ್ ಎಂಬ ದಾಖಲೆ ಅದಕ್ಕೇ ಇರುವುದು. ಸೇನೆಯಲ್ಲಿ ಕಲಿತದ್ದು ಕಾಲೇಜಿನ ಎಷ್ಟು ಕ್ರೆಡಿಟ್‌ಗೆ ಸಮ ಎಂಬ ಶಿಫಾರಸು ಅದರಲ್ಲಿರುತ್ತದೆ. ಶಿಫಾರಸು ಮಾತ್ರ, ಒಪ್ಪುವುದು ಬಿಡುವುದು ಕಾಲೇಜಿಗೆ ಬಿಟ್ಟದ್ದು. ನನ್ನ ಪ್ರಕಾರ ಇಡೀ ವ್ಯವಸ್ಥೆಯ ದುರ್ಬಲ ಕೊಂಡಿ ಇದೇ.

ಲಾರಿ ಓಡಿಸುವವರ ವಿಷಯ ವಾಸಿ. ಸೇನೆಯಲ್ಲಿ ಎರಡು ವರ್ಷ ಭಾರಿ ವಾಹನ ಓಡಿಸಿದವರಿಗೆ ವಾಣಿಜ್ಯ ಡ್ರೈವಿಂಗ್ ಲೈಸೆನ್ಸಿನ ಚಾಲನಾ ಪರೀಕ್ಷೆಯಿಂದ ವಿನಾಯಿತಿ ಕೊಡಲು 2011ರ ಫೆಡರಲ್ ನಿಯಮ ದಾರಿ ಮಾಡಿತು. ದಾಖಲೆಯಲ್ಲಿ ಕಪ್ಪುಚುಕ್ಕೆ ಇರಬಾರದು. ಅಂಥ ಕೆಲಸ ಬಿಟ್ಟ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಮೆಡಿಕ್‌ಗೆ ಸಿಗದ ಸುಲಭ ದಾರಿ ಡ್ರೈವರ್‌ಗೆ ಸಿಕ್ಕಿದ್ದು ಯಾಕೆ? ಲಾರಿ ಓಡಿಸುವುದರಲ್ಲಿ ಎರಡೂ ಕಡೆ ಕೆಲಸ ಹೆಚ್ಚುಕಡಿಮೆ ಒಂದೇ, ಅಳೆಯುವುದು ಸುಲಭ. ನರ್ಸಿಂಗ್‌ನಲ್ಲಿ ಹಾಗಲ್ಲ. ವಯಸ್ಸಾದವರ ಆರೈಕೆ, ಹೆರಿಗೆ ವಾರ್ಡು ಇವನ್ನು ಮೆಡಿಕ್ ಹೆಚ್ಚು ನೋಡಿರುವುದಿಲ್ಲ. ಬೋರ್ಡುಗಳ ಹಿಂಜರಿಕೆಯಲ್ಲೂ ಅರ್ಥವಿದೆ ಅನ್ನಿ.

ಇನ್ನು ಸೈನಿಕರ ಓದಿಗೆ ಸರ್ಕಾರ ನೆರವು ಕೊಡುವ ಜಿಐ ಬಿಲ್ ಯೋಜನೆಯಲ್ಲಿ ಲೈಸೆನ್ಸ್ ಪರೀಕ್ಷೆಯ ಶುಲ್ಕಕ್ಕೆ ಒಂದು ಪರೀಕ್ಷೆಗೆ 2,000 ಡಾಲರ್‌ವರೆಗೆ ಸಿಗುತ್ತದೆ. ಫೇಲಾದರೂ ಕೊಡುತ್ತಾರೆ!

ಒಂದು ಅಭ್ಯಾಸದ ಪ್ರಶ್ನೆ

ಸ್ಯಾನ್ ಡಿಯಾಗೊದ ನಮ್ಮ ನರ್ಸ್‌ಗೆ ವಾಪಸ್ ಬರೋಣ. ಗಂಡ ಅಲ್ಲೇ ನಿವೃತ್ತಿ ಆಗುತ್ತಾರೆ. ಇಬ್ಬರೂ ಕ್ಯಾಲಿಫೋರ್ನಿಯಾದಲ್ಲೇ ಉಳಿಯಲು ತೀರ್ಮಾನಿಸುತ್ತಾರೆ. ಲೈಸೆನ್ಸ್ ಗತಿ ಏನು?

ಆದೇಶ ಮುಗಿದ ದಿನ 705ಎ ರಕ್ಷಣೆಯೂ ಮುಗಿಯಿತು. ಈಕೆ ಕ್ಯಾಲಿಫೋರ್ನಿಯಾದ್ದೇ ಲೈಸೆನ್ಸ್ ಮಾಡಿಸಲೇಬೇಕು. ಸಂಗಾತಿಯ ಅರ್ಜಿಯನ್ನು ಬೇಗ ನೋಡುವ ಸೌಲಭ್ಯ ಇರುವುದು ಗಂಡ ಇನ್ನೂ ಸೇವೆಯಲ್ಲಿ ಇರುವವರೆಗೆ. ಹಾಗಾಗಿ ನಿವೃತ್ತಿಗೆ ಮೊದಲೇ ಅರ್ಜಿ ಹಾಕಿದರೆ ಸಾಲಿನಲ್ಲಿ ಮುಂದೆ, ಆಮೇಲೆ ಹಾಕಿದರೆ ಎಲ್ಲರ ಜೊತೆ. ಗಂಡನಿಗೆ ಇದು ತಿರುಗುಮುರುಗು. ಅವರು ಯಾವುದಾದರೂ ಲೈಸೆನ್ಸಿಗೆ ಅರ್ಜಿ ಹಾಕುವುದಾದರೆ, ಗೌರವದಿಂದ ಬಿಡುಗಡೆಯಾದ ಮಾಜಿ ಸೈನಿಕ ಎಂದು ತೋರಿಸುವ ಡಿಡಿ-214 ಕಾಗದ ಜೊತೆಗಿಟ್ಟರೆ ಅವರ ಅರ್ಜಿಯನ್ನೂ ಮೊದಲು ನೋಡುತ್ತಾರೆ. ಆ ಕಾಗದ ಸಿಗುವುದು ನಿವೃತ್ತಿಯ ಹೊತ್ತಿಗೇ.