ಬರೆಯುವ ಸರಕು ಮುಗೀತು ಅಂತ ಹಳೇ ಹಾಡು ಹಾಡ್ತಾರಾ?

ಪ್ರಶ್ನೆ: ಚಿಕ್ಕಂದಿನಿಂದ ನಾನು ಕೇಳುತ್ತಾ ಬಂದಿರುವ ಪಾಪ್ ಗಾಯಕರು ವಯಸ್ಸಾದ ಮೇಲೆ ಒಬ್ಬೊಬ್ಬರಾಗಿ ಹಳೆಯ ‘ಸ್ಟ್ಯಾಂಡರ್ಡ್’ ಹಾಡುಗಳ ಆಲ್ಬಮ್ ಮಾಡುತ್ತಿದ್ದಾರೆ. ಅಭಿಮಾನಿಗಳಲ್ಲಿ ಕೆಲವರು ಕುಣಿದಾಡುತ್ತಾರೆ, ಕೆಲವರು ಸಿಟ್ಟಾಗುತ್ತಾರೆ. ಸ್ವಂತ ಹಾಡು ಬರೆಯುವ ಸರಕು ಮುಗಿದಿದ್ದಕ್ಕೇ ಇವರೆಲ್ಲ ಹೀಗೆ ಮಾಡುತ್ತಾರಾ?

ಉತ್ತರ: ಈ ಪ್ರಶ್ನೆ ಆಗಾಗ ಬರುತ್ತಲೇ ಇರುತ್ತದೆ. ಕೇಳುವವರ ದನಿಯಲ್ಲಿ ಸ್ವಲ್ಪ ನೋವೂ ಇರುತ್ತದೆ. ಆ ನೋವು ನನಗೆ ಗೊತ್ತು. ತಮ್ಮ ಹಾಡುಗಳ ಸಾಹಿತ್ಯಕ್ಕೇ ಹೆಸರಾದ ಅಮೆರಿಕದ ಗಾಯಕ ಬಾಬ್ ಡಿಲನ್ 2015ರಲ್ಲಿ ‘ಶ್ಯಾಡೋಸ್ ಇನ್ ದ ನೈಟ್’ ಅನ್ನುವ ಸ್ಟ್ಯಾಂಡರ್ಡ್ ಆಲ್ಬಮ್ ತಂದಾಗ ನಾನು ಎರಡನೇ ಹಾಡಿಗೇ ನಿಲ್ಲಿಸಿಬಿಟ್ಟಿದ್ದೆ. ಅಂಥ ಸಾಲು ಬರೆದ ಮನುಷ್ಯ ಬೇರೆಯವರ ಸಾಲು ಯಾಕೆ ಹಾಡಬೇಕು ಅನ್ನಿಸಿತ್ತು.

ಅದರಲ್ಲಿ 10 ಹಾಡು. ಹತ್ತನ್ನೂ ಹಿಂದಿನ ತಲೆಮಾರಿನ ಗಾಯಕ ಫ್ರಾಂಕ್ ಸಿನಾತ್ರಾ ಹಾಡಿದ್ದರು. ಮಾರನೇ ವರ್ಷ ‘ಫಾಲನ್ ಏಂಜೆಲ್ಸ್’ ಬಂತು, ಇನ್ನೂ 12 ಹಾಡು. 2017ರಲ್ಲಿ ‘ಟ್ರಿಪ್ಲಿಕೇಟ್’, ಮೂರು ಡಿಸ್ಕಿನಲ್ಲಿ 30 ಹಾಡು. ಒಟ್ಟು 52. ಒಂದೂ ಅವರು ಬರೆದದ್ದಲ್ಲ. ಇದರ ನಡುವೆಯೇ, 2016ರಲ್ಲಿ, ಅವರಿಗೆ ಸಾಹಿತ್ಯದ ನೊಬೆಲ್ ಬಂತು. ಬರವಣಿಗೆಗೆ ಜಗತ್ತೇ ಗೌರವ ಕೊಡುತ್ತಿರುವಾಗ ಅವರು ಬರೆಯುವುದನ್ನೇ ಬಿಟ್ಟಂತೆ ಕಾಣುತ್ತಿತ್ತು. ಪೆನ್ನು ಒಣಗಿತು ಅಂತ ಅಭಿಮಾನಿಗಳು ಹೇಳಿದ್ದರಲ್ಲಿ ಆಶ್ಚರ್ಯವಿಲ್ಲ.

2020ರಲ್ಲಿ ‘ರಫ್ ಅಂಡ್ ರೌಡಿ ವೇಸ್’ ಬಂತು. ಎಲ್ಲವೂ ಹೊಸ ಹಾಡು. ಕೆನಡಿ ಕೊಲೆಯ ಬಗ್ಗೆ ಇರುವ ಒಂದು ಹಾಡಂತೂ ಸುಮಾರು 17 ನಿಮಿಷ. ಒಣಗಿದ ಪೆನ್ನಿನಿಂದ ಇಂಥದ್ದು ಬರಲ್ಲ, ಅಲ್ವಾ? ಆ ಆಲ್ಬಮ್ಮಿನ ದನಿ ಕೇಳಿ. ಅವಸರವಿಲ್ಲ. ಮೃದುವಾಗಿ, ಒಂದೊಂದು ಪದವನ್ನೂ ಮುಗಿಸಿ ಮುಂದಕ್ಕೆ ಹೋಗುತ್ತಾರೆ. ಆ 52 ಹಾಡುಗಳಲ್ಲೇ ಅವರು ತಮ್ಮ ಮುದಿ ದನಿಯನ್ನು ಹೇಗೆ ಬಳಸಬೇಕು ಅಂತ ಕಲಿತರು ಅನ್ನುವುದು ನನ್ನ ನಂಬಿಕೆ.

ಹಾಗಾಗಿ ನಿಮ್ಮ ಪ್ರಶ್ನೆಗೆ ಚಿಕ್ಕ ಉತ್ತರ: ಇಲ್ಲ, ಸಾಮಾನ್ಯವಾಗಿ ಅದು ಕಾರಣವಲ್ಲ. ದೊಡ್ಡ ಉತ್ತರಕ್ಕೆ ಸ್ಟ್ಯಾಂಡರ್ಡ್ ಅಂದರೇನು ಅಂತ ನೋಡಬೇಕು.

ಸುಮಾರು 1920ರಿಂದ 1950ರ ದಶಕದವರೆಗೆ ಅಮೆರಿಕದಲ್ಲಿ ಹಾಡು ಹುಟ್ಟುತ್ತಿದ್ದದ್ದು ಬ್ರಾಡ್‌ವೇ ನಾಟಕಗಳಲ್ಲಿ, ಹಾಲಿವುಡ್ ಸಿನಿಮಾಗಳಲ್ಲಿ, ‘ಟಿನ್ ಪ್ಯಾನ್ ಆಲಿ’ ಅಂತ ಕರೆಯುತ್ತಿದ್ದ ನ್ಯೂಯಾರ್ಕಿನ ಸಂಗೀತ ಪ್ರಕಾಶಕರ ಲೋಕದಲ್ಲಿ. ಜಾರ್ಜ್ ಗರ್ಶ್‌ವಿನ್ ರಾಗ ಹಾಕುತ್ತಿದ್ದರು, ಅಣ್ಣ ಐರಾ ಸಾಹಿತ್ಯ ಬರೆಯುತ್ತಿದ್ದರು. ರಿಚರ್ಡ್ ರಾಜರ್ಸ್ ಅವರದ್ದು ರಾಗ, ಲೊರೆಂಜ್ ಹಾರ್ಟ್ ಅವರದ್ದು ಮಾತು. ಕೋಲ್ ಪೋರ್ಟರ್, ಇರ್ವಿಂಗ್ ಬರ್ಲಿನ್ ಎರಡನ್ನೂ ತಾವೇ ಮಾಡುತ್ತಿದ್ದರು. ಹಾಡುವುದು ಮಾತ್ರ ಬೇರೆಯವರ ಕೆಲಸ. ಒಂದೇ ಹಾಡನ್ನು ಹತ್ತು ಜನ ಹಾಡುತ್ತಿದ್ದರು. ಹೀಗೆ ಹಲವರ ಬಾಯಲ್ಲಿ ಉಳಿದುಬಂದ ಹಾಡುಗಳೇ ಸ್ಟ್ಯಾಂಡರ್ಡ್‌ಗಳು. ಎಲಾ ಫಿಟ್ಜ್‌ಜೆರಾಲ್ಡ್ ಹೇಗೆ ಹಾಡಿದರು, ಬಿಲಿ ಹಾಲಿಡೇ ಹೇಗೆ ಹಾಡಿದರು ಅಂತ ಹೋಲಿಸಿ ಕೇಳುವುದೇ ಒಂದು ಸುಖವಾಗಿತ್ತು. ಈ ಹಾಡು ನೀವೇ ಬರೆದಿದ್ದಾ ಅಂತ ಸಿನಾತ್ರಾ ಅವರನ್ನು ಯಾರೂ ಕೇಳುತ್ತಿರಲಿಲ್ಲ.

1960ರ ದಶಕ ಇದನ್ನೆಲ್ಲ ತಿರುವಿಹಾಕಿತು. ಬೀಟಲ್ಸ್ ಬಂದರು, ಡಿಲನ್ ಬಂದರು. ಹಾಡುವವರೇ ಬರೆಯಬೇಕು, ಆಗಲೇ ಅದು ನಿಜವಾದ ಹಾಡು ಅನ್ನುವ ಭಾವನೆ ಬೇರೂರಿತು. ‘ಕವರ್’, ಅಂದರೆ ಬೇರೆಯವರ ಹಾಡನ್ನು ಮತ್ತೆ ಹಾಡುವುದು, ಅನ್ನುವ ಮಾತಿಗೆ ಸ್ವಲ್ಪ ಕೀಳಾದ ಅರ್ಥ ಅಂಟಿಕೊಂಡಿತು. ಅಭಿಮಾನಿಗಳ ಜಗಳದ ಬೇರು ಇಲ್ಲೇ ಇದೆ. ಒಬ್ಬ ಗಾಯಕನನ್ನು ಒಬ್ಬರು ಬರಹಗಾರ ಅಂತ ಪ್ರೀತಿಸಿರುತ್ತಾರೆ, ಇನ್ನೊಬ್ಬರು ದನಿ ಅಂತ ಪ್ರೀತಿಸಿರುತ್ತಾರೆ. ಇಷ್ಟು ವರ್ಷ ಎರಡೂ ಒಟ್ಟಿಗೇ ಸಿಗುತ್ತಿದ್ದರಿಂದ ಈ ವ್ಯತ್ಯಾಸ ಯಾರಿಗೂ ಗೊತ್ತಾಗಿರುವುದಿಲ್ಲ. ಸ್ಟ್ಯಾಂಡರ್ಡ್ ಆಲ್ಬಮ್ ಬಂದ ದಿನ ಬರಹಗಾರ ಪಕ್ಕಕ್ಕೆ ಸರಿಯುತ್ತಾನೆ, ದನಿ ಮಾತ್ರ ಉಳಿಯುತ್ತದೆ. ದನಿಗಾಗಿ ಬಂದವರಿಗೆ ಹಬ್ಬ. ಮಾತಿಗಾಗಿ ಬಂದವರಿಗೆ ಮನೆ ಖಾಲಿ ಅನ್ನಿಸುತ್ತದೆ. ಇಬ್ಬರ ಮಾತಿನಲ್ಲೂ ನ್ಯಾಯ ಇದೆ.

ದುಡ್ಡಿಗಾಗಿ ಮಾಡುತ್ತಾರೆ ಅನ್ನುವ ದೂರು ಇನ್ನೊಂದು. ಇಲ್ಲಿ ಜನ ಒಂದು ವಿಷಯ ಮರೆಯುತ್ತಾರೆ. ಹಾಡು ಬರೆದವರಿಗೆ ಬೇರೆ ರಾಯಲ್ಟಿ ಇರುತ್ತದೆ. ಸ್ವಂತ ಹಾಡು ಹಾಡಿದರೆ ಅದೂ ಗಾಯಕನಿಗೇ ಬರುತ್ತದೆ, ಕೋಲ್ ಪೋರ್ಟರ್ ಹಾಡು ಹಾಡಿದರೆ ಆ ಪಾಲು ಪೋರ್ಟರ್ ಅವರ ಹಕ್ಕುದಾರರಿಗೆ ಹೋಗುತ್ತದೆ. ಒಮ್ಮೆ ಬಿಡುಗಡೆಯಾದ ಹಾಡನ್ನು ನಿಗದಿತ ರಾಯಲ್ಟಿ ಕಟ್ಟಿ ಯಾರು ಬೇಕಾದರೂ ಮತ್ತೆ ರೆಕಾರ್ಡ್ ಮಾಡಬಹುದು ಅಂತ ಅಮೆರಿಕದ ಕಾನೂನು ಹೇಳುತ್ತದೆ. ತಮ್ಮ ಶೈಲಿಗೆ ಹೊಂದಿಸಿಕೊಳ್ಳಬಹುದು, ಮೂಲ ರಾಗವನ್ನು ಕೆಡಿಸುವಂತಿಲ್ಲ. ಹಾಗಾಗಿ ಸ್ಟ್ಯಾಂಡರ್ಡ್ ಹಾಡುವುದು ಸುಲಭ, ನಿಜ. ಆದರೆ ಒಳ್ಳೆಯ ಬರಹಗಾರನೊಬ್ಬ ಅದಕ್ಕಾಗಿ ತನ್ನ ಆದಾಯದ ಒಂದು ಭಾಗವನ್ನೇ ಬಿಟ್ಟುಕೊಡುತ್ತಾನೆ.

ಕಂಪನಿಗಳು ಕೂಡ ಮೊದಲೆಲ್ಲ ಇದನ್ನು ಲಾಭದ ದಾರಿ ಅಂತ ನೋಡಿರಲೇ ಇಲ್ಲ. 1978ರಲ್ಲಿ ವಿಲ್ಲಿ ನೆಲ್ಸನ್ ‘ಸ್ಟಾರ್‌ಡಸ್ಟ್’ ಅನ್ನುವ ಸ್ಟ್ಯಾಂಡರ್ಡ್ ಆಲ್ಬಮ್ ಮಾಡಲು ಹೊರಟಾಗ ರೆಕಾರ್ಡ್ ಕಂಪನಿಗೆ ಅನುಮಾನ. ‘ಕಂಟ್ರಿ’ ಅನ್ನುವ ಅಮೆರಿಕದ ಹಳ್ಳಿಗಾಡಿನ ಶೈಲಿಯ ಗಾಯಕ, ಅದರಲ್ಲೂ ಸ್ವತಃ ಅಷ್ಟು ಚೆನ್ನಾಗಿ ಬರೆಯುವವರು, ಇದನ್ನೆಲ್ಲ ಯಾಕೆ ಹಾಡಬೇಕು? ಆ ಆಲ್ಬಮ್ ಕಂಟ್ರಿ ಪಟ್ಟಿಯಲ್ಲಿ ಸುಮಾರು ಹತ್ತು ವರ್ಷ ಕೂತಿತು. 1983ರಲ್ಲಿ ಲಿಂಡಾ ರಾನ್‌ಸ್ಟಾಟ್ ಅವರಿಗೂ ಇದೇ ಆಯಿತು. ರಾಕ್ ಗಾಯಕಿಯಾಗಿ ಹೆಸರು ಮಾಡಿದ್ದ ಅವರು, ಸಿನಾತ್ರಾ ಅವರಿಗೆ ಆರ್ಕೆಸ್ಟ್ರಾ ಸಂಯೋಜಿಸಿದ್ದ ನೆಲ್ಸನ್ ರಿಡಲ್ ಜೊತೆ ಕೆಲಸ ಮಾಡುತ್ತೇನೆ ಅಂದಾಗ ಕಂಪನಿಯವರು ಬೇಡ ಅಂದರು. ಅವರು ಕೇಳಲಿಲ್ಲ. ‘ವಾಟ್ಸ್ ನ್ಯೂ’ ಅನ್ನುವ ಆ ಆಲ್ಬಮ್ ಅಮೆರಿಕದಲ್ಲೇ 30 ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ರಿಡಲ್ ಜೊತೆ ಇನ್ನೂ ಎರಡು ಆಲ್ಬಮ್ ಆದವು. ಕೊನೆಯದು 1986ರಲ್ಲಿ ಹೊರಬರುವಷ್ಟರಲ್ಲಿ ರಿಡಲ್ ತೀರಿಕೊಂಡಿದ್ದರು.

ಲಾಭದ ದಾರಿ ಆಮೇಲೆ ಆಯಿತು. ರಾಕ್ ಗಾಯಕ ರಾಡ್ ಸ್ಟೂವರ್ಟ್ 2002ರಿಂದ 2010ರವರೆಗೆ ಹೀಗೆ ಐದು ಸಂಪುಟ ತಂದರು. 2004ರ ಮೂರನೆಯದು ಅಮೆರಿಕದಲ್ಲಿ ಮೊದಲ ಸ್ಥಾನಕ್ಕೆ ಹೋಯಿತು, ಅವರಿಗೆ ಮೊದಲ ಗ್ರ್ಯಾಮಿ ಕೂಡ ತಂದಿತು. ಕೇಳಲು ಹಿತವಾಗಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಐದನ್ನೂ ಸಾಲಾಗಿ ಕೇಳಿದರೆ ಒಂದು ಹಾಡಿಗೂ ಇನ್ನೊಂದಕ್ಕೂ ವ್ಯತ್ಯಾಸ ಕಮ್ಮಿಯಾಗುತ್ತಾ ಹೋಗುತ್ತದೆ. 1970ರ ದಶಕದಲ್ಲಿ ಆ ಒರಟು ಕಂಠ ಹಾಡನ್ನು ಹರಿದು ಒಳಗೆ ನುಗ್ಗುತ್ತಿತ್ತು. ಇಲ್ಲಿ ಅದು ವಯಲಿನ್‌ಗಳ ಮೇಲೆ ಜಾರಿಹೋಗುತ್ತದೆ. ಅಭಿಮಾನಿಗಳ ಸಿಟ್ಟಿಗೆ ಕಾರಣ ಇರುವುದು ಇಂಥ ಕಡೆ ಅಂತ ನನಗನ್ನಿಸುತ್ತದೆ. ಹಳೆಯ ಹಾಡನ್ನು ಆರಿಸಿಕೊಂಡದ್ದು ತಪ್ಪಲ್ಲ. ಆ ಹಾಡಿಗೆ ತಾನು ಏನು ಮಾಡಬಲ್ಲೆ ಅಂತ ಗಾಯಕ ಯೋಚಿಸಿಲ್ಲ ಅನ್ನಿಸಿದಾಗ ಬೇಜಾರಾಗುತ್ತದೆ.

ಹಾಗಿದ್ದರೆ ಇವರು ಈ ಹಾಡುಗಳ ಹತ್ತಿರ ಹೋಗುವುದೇಕೆ? ಒಂದು ಕಾರಣ ಮನೆ. ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ ಅವರ ತಂದೆ ಜಿಮ್ ಮನೆಯಲ್ಲಿ ಪಿಯಾನೋ ನುಡಿಸುತ್ತಿದ್ದರು, ಹರೆಯದಲ್ಲಿ ಸ್ವಂತ ಜಾಝ್ ತಂಡ ಇಟ್ಟುಕೊಂಡಿದ್ದರು. ರಾಕ್ ಅಂಡ್ ರೋಲ್ ಕಿವಿಗೆ ಬೀಳುವ ಮುಂಚೆಯೇ ಈ ಹಾಡುಗಳು ಬಿದ್ದಿದ್ದವು. 2012ರ ‘ಕಿಸಸ್ ಆನ್ ದ ಬಾಟಮ್’ನಲ್ಲಿ ಪಾಲ್ ಪಿಯಾನೋವನ್ನು ಜಾಝ್ ಕಲಾವಿದೆ ಡಯಾನಾ ಕ್ರಾಲ್‌ಗೆ ಬಿಟ್ಟುಕೊಟ್ಟು ಹೆಚ್ಚಾಗಿ ಸುಮ್ನೆ ನಿಂತು ಹಾಡಿದರು, ಎರಡು ಹೊಸ ಹಾಡನ್ನೂ ಸೇರಿಸಿದರು. ಬೀಟಲ್ಸ್‌ನವರೇ ಆದ ರಿಂಗೋ ಸ್ಟಾರ್ ಇದನ್ನು 1970ರಲ್ಲೇ ಮಾಡಿದ್ದರು. ‘ಸೆಂಟಿಮೆಂಟಲ್ ಜರ್ನಿ’ಯಲ್ಲಿ ಇರುವುದು ಅಮ್ಮನಿಗೆ ಇಷ್ಟವಾದ ಹಾಡುಗಳು, ಮುಖಪುಟದಲ್ಲಿ ಲಿವರ್‌ಪೂಲ್‌ನ ಅವರ ಮನೆ ಹತ್ತಿರದ ಪಬ್. ತಾರುಣ್ಯದಲ್ಲಿ ಅಪ್ಪ ಅಮ್ಮನ ಹಾಡಿನಿಂದ ದೂರ ಓಡುತ್ತೇವೆ, ಆಮೇಲೆ ಒಂದು ದಿನ ಅದೇ ಹಾಡು ಗುನುಗುತ್ತಿರುತ್ತೇವೆ. ಗಾಯಕರಿಗೂ ಅಷ್ಟೇ.

ಇನ್ನೊಂದು ಕಾರಣ ಗಂಟಲು. ವಯಸ್ಸಾದಂತೆ ಧ್ವನಿತಂತುಗಳು ಸೊರಗುತ್ತವೆ, ಉಸಿರಿನ ಬಲ ಕುಗ್ಗುತ್ತದೆ, ಮೇಲಿನ ಸ್ವರಗಳು ಕೈಗೆ ಸಿಗುವುದಿಲ್ಲ. ಡ್ರಮ್ಸ್ ಮತ್ತು ಎಲೆಕ್ಟ್ರಿಕ್ ಗಿಟಾರ್‌ಗಳ ಸದ್ದು ಮೀರಿ ಕೂಗಲೆಂದೇ 25ನೇ ವಯಸ್ಸಿನಲ್ಲಿ ಮಾಡಿಕೊಂಡ ಹಾಡನ್ನು 70ರಲ್ಲಿ ಹಾಡುವುದು ಕಷ್ಟದ ಕೆಲಸ. ಸ್ಟ್ಯಾಂಡರ್ಡ್‌ಗಳ ಕಥೆ ಬೇರೆ. ಮೈಕ್ ಬಂದು, ಗಾಯಕ ಕಿವಿಯ ಹತ್ತಿರವೇ ಮೆಲ್ಲಗೆ ಹಾಡಬಹುದು ಅಂತ ಗೊತ್ತಾದ ಕಾಲದ ಹಾಡುಗಳು ಅವು. ಬಹಳಷ್ಟನ್ನು ಮಾತಾಡುವಷ್ಟೇ ದನಿಯಲ್ಲಿ ಹಾಡಬಹುದು. ಅಲ್ಲಿ ಬೇಕಾಗಿರುವುದು ಪದವನ್ನು ಎಲ್ಲಿ ತಡೆದು ಎಲ್ಲಿ ಬಿಡಬೇಕು ಅನ್ನುವ ತಿಳಿವಳಿಕೆ. ಅದು ವಯಸ್ಸಾದಂತೆ ಜಾಸ್ತಿಯಾಗುತ್ತದೆಯೇ ಹೊರತು ಕಮ್ಮಿಯಾಗುವುದಿಲ್ಲ. ವಿಲ್ಲಿ ನೆಲ್ಸನ್ ತಾಳಕ್ಕಿಂತ ತುಸು ಹಿಂದೆ ಉಳಿದು, ಆಮೇಲೆ ಓಡಿ ಬಂದು ಸೇರಿಕೊಳ್ಳುವುದನ್ನು ಗಮನಿಸಿ ಕೇಳಿ.

ಹಾಡಿನ ಕಟ್ಟಡವೂ ಇದಕ್ಕೆ ಒದಗಿ ಬರುತ್ತದೆ. ಬಹುಪಾಲು ಸ್ಟ್ಯಾಂಡರ್ಡ್‌ಗಳು 32 ಬಾರ್‌ಗಳ (ಬಾರ್ ಅಂದರೆ ತಾಳದ ಒಂದು ಸುತ್ತು) ಅಳತೆಯವು. ಎಂಟೆಂಟು ಬಾರ್‌ಗಳ ನಾಲ್ಕು ತುಂಡು. ಮೊದಲೆರಡರಲ್ಲಿ ಒಂದೇ ರಾಗ, ಮೂರನೆಯದರಲ್ಲಿ ಬೇರೆ ರಾಗ, ನಾಲ್ಕನೆಯದರಲ್ಲಿ ಮತ್ತೆ ಮೊದಲಿನದು. ಮೂರನೇ ತುಂಡಿನಲ್ಲಿ ಏನೋ ಆಗಿರುತ್ತದೆ, ಹಾಗಾಗಿ ವಾಪಸ್ ಬಂದಾಗ ಅದೇ ರಾಗಕ್ಕೆ ಬೇರೆ ಬಣ್ಣ ಬಂದಿರುತ್ತದೆ. ಆ ಬಣ್ಣ ತೋರಿಸುವುದು ಪೂರ್ತಿ ಗಾಯಕರ ಕೆಲಸ. ಬೀಟಲ್ಸ್ ಕೂಡ ಎಷ್ಟೋ ಹಾಡುಗಳನ್ನು ಇದೇ ಅಚ್ಚಿನಲ್ಲಿ ಮಾಡಿದ್ದಾರೆ. ಮೆಕಾರ್ಟ್ನಿ ಅಲ್ಲಿಗೆ ಹೊಸಬರಾಗಿ ಹೋದದ್ದಲ್ಲ.

ಡಿಲನ್ ಒಂದು ಮಾತು ಹೇಳಿದ್ದರು. ನಾನು ಇವನ್ನು ಕವರ್ ಮಾಡುತ್ತಿಲ್ಲ, ಇವು ಈಗಾಗಲೇ ಕವರ್ ಆಗಿ ಆಗಿ ಹೂತುಹೋಗಿವೆ, ನಾನು ಮತ್ತು ನನ್ನ ತಂಡ ಮುಚ್ಚಿದ್ದನ್ನು ತೆಗೆದು ಬೆಳಕಿಗೆ ತರುತ್ತಿದ್ದೇವೆ ಅನ್ನುವ ಅರ್ಥದ ಮಾತು. ಮೊದಲು ಓದಿದಾಗ ನಾನು ನಂಬಲಿಲ್ಲ. ಕೆಲವು ತಿಂಗಳಾದ ಮೇಲೆ ಒಂದು ರಾತ್ರಿ, ನಿದ್ದೆ ಬಾರದೆ, ‘ಶ್ಯಾಡೋಸ್ ಇನ್ ದ ನೈಟ್’ ಮತ್ತೆ ಹಾಕಿದೆ. ಸಿನಾತ್ರಾ ಅವರ ವಯಲಿನ್ ಸಮುದ್ರ ಇದ್ದ ಜಾಗದಲ್ಲಿ ಒಂದು ಪೆಡಲ್ ಸ್ಟೀಲ್ ಗಿಟಾರ್. ಐದು ಜನರ ತಂಡ, ಒಂದೇ ಕೋಣೆ, ಹೆಡ್‌ಫೋನ್ ಇಲ್ಲ, ಎಲ್ಲರೂ ಒಟ್ಟಿಗೇ ನುಡಿಸಿದ್ದು. ದನಿ ಒಡೆಯುವ ಕಡೆ ಒಡೆಯಲು ಬಿಟ್ಟಿದ್ದಾರೆ. ಆವತ್ತು ಹತ್ತೂ ಹಾಡು ಮುಗಿಯುವವರೆಗೆ ನಾನು ಏಳಲಿಲ್ಲ.

ಇಂಥ ಆಲ್ಬಮ್ ನಿಮಗೆ ಹಿಡಿಸುತ್ತದೋ ಇಲ್ಲವೋ ನೋಡಬೇಕಾದರೆ ಪೂರ್ತಿ ಆಲ್ಬಮ್ಮಿನಿಂದ ಶುರು ಮಾಡಬೇಡಿ. ಒಂದೇ ಹಾಡು ಸಾಕು. ಹಳೆಯ ರೆಕಾರ್ಡಿಂಗ್ ಒಮ್ಮೆ, ಹೊಸದು ಒಮ್ಮೆ. ವೇಗ ಏನಾಗಿದೆ, ಯಾವ ವಾದ್ಯ ಬಿಟ್ಟಿದ್ದಾರೆ, ಉಸಿರು ಎಲ್ಲಿ ತೆಗೆದುಕೊಂಡಿದ್ದಾರೆ ಅಂತ ಕೇಳಿ.

ಶುರು ಮಾಡಲು ಗಾಯಕಿ, ಗೀತರಚನೆಕಾರ್ತಿ ಜೋನಿ ಮಿಚೆಲ್ ಒಳ್ಳೆಯ ಆಯ್ಕೆ. 2000ದಲ್ಲಿ ಬಂದ ‘ಬೋತ್ ಸೈಡ್ಸ್ ನೌ’ನಲ್ಲಿ ಅವರು ಸ್ಟ್ಯಾಂಡರ್ಡ್‌ಗಳನ್ನು ಒಂದು ಪ್ರೀತಿಯ ಕಥೆಯಂತೆ ಜೋಡಿಸಿದ್ದಾರೆ. ಚಿಗುರುವುದರಿಂದ ಮುರಿಯುವವರೆಗೆ, ಮುರಿದ ಮೇಲಿನ ತಿಳಿವಿನವರೆಗೆ. ವಿನ್ಸ್ ಮೆಂಡೋಜಾ ಸಂಯೋಜಿಸಿದ ದೊಡ್ಡ ಆರ್ಕೆಸ್ಟ್ರಾ ಹಿಂದೆ ಇದೆ. 12 ಹಾಡುಗಳಲ್ಲಿ ಎರಡು ಅವರವೇ. ಕೊನೆಯದು, ಆಲ್ಬಮ್ಮಿಗೆ ಹೆಸರು ಕೊಟ್ಟ ಹಾಡು, ಇಪ್ಪತ್ತರ ಹರೆಯದಲ್ಲಿ ಬರೆದದ್ದು. ಬದುಕನ್ನು ಎರಡೂ ಕಡೆಯಿಂದ ನೋಡಿದ್ದೇನೆ ಅನ್ನುವ ಹಾಡು ಅದು. 1969ರ ‘ಕ್ಲೌಡ್ಸ್’ನಲ್ಲಿ ಗಿಟಾರ್ ಹಿಡಿದು ಎಳೆಯ, ಎತ್ತರದ ದನಿಯಲ್ಲಿ ಹಾಡಿದ್ದಾರೆ. 2000ದಲ್ಲಿ ಅವರಿಗೆ 56, ಎಷ್ಟೋ ವರ್ಷಗಳ ಸಿಗರೇಟಿನ ನಂತರದ ದನಿ ಬಹಳ ಕೆಳಗಿಳಿದಿದೆ. ಸ್ವಂತ ಹಾಡನ್ನೇ ಅವರು ಅಲ್ಲಿ ಒಂದು ಹಳೆಯ ಸ್ಟ್ಯಾಂಡರ್ಡ್‌ನಂತೆ ಹಾಡುತ್ತಾರೆ. 1969ರದ್ದನ್ನು ಮೊದಲು ಕೇಳಿ, ಎದ್ದು ಹೋಗದೆ ಹಾಗೇ 2000ದ್ದನ್ನು ಕೇಳಿ.